ತೊಂಬತ್ತೇಳು ಅಂಕದ ಫ್ರೆಂಚ್

ಬೆಣ್ಣೆಯಲ್ಲಿ ಈರುಳ್ಳಿ ಕೆಂಪಗಾಗುವ ವಾಸನೆ ಮೂಗಿಗೆ ಬಡಿದರೆ ಬೇರೆಯವರಿಗೆ ಹಸಿವಾಗುತ್ತದೆ. ನನಗೆ ಸಿಟ್ಟು ಬರುತ್ತದೆ. ಮೊನ್ನೆ ನ್ಯೂಯಾರ್ಕಿನ ಹತ್ತಿರದ ನಮ್ಮ ಮೆಟುಚೆನ್ನಿನ ಮೇನ್ ಸ್ಟ್ರೀಟಿನಲ್ಲಿ ಹೊಸದಾಗಿ ತೆರೆದ ಹೋಟೆಲೊಂದರ ಮುಂದೆ ಹಾದುಹೋಗುವಾಗ ಅದೇ ವಾಸನೆ ಬಂತು. ಬಾಗಿಲ ಮೇಲೆ ನೀಲಿ, ಬಿಳಿ, ಕೆಂಪಿನ ಫ್ರೆಂಚ್ ಬಾವುಟ. ಕಪ್ಪು ಹಲಗೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದ ಮೆನು. ನನ್ನ ಗಂಡ ಮಹೇಶ, "ಒಳಗ ಹೋಗೂಣೇನು?" ಎಂದ. "ಬೇಡ" ಎಂದ ನನ್ನ ದನಿ ಕೇಳಿ ಅವನು ಮುಂದಕ್ಕೆ ಹೆಜ್ಜೆ ಹಾಕಿದ. ಇಷ್ಟು ವರ್ಷ ಕಳೆದರೂ ಆ ಒಂದು ಚಳಿಗಾಲ ನನಗೆ ಜೀರ್ಣವಾಗಿಲ್ಲ. ಯಾರ ಮೇಲೆ ಸಿಟ್ಟು ಎಂದು ಕೇಳಿದರೆ ಪಟ್ಟಿ ಉದ್ದವಿದೆ. ಅದರಲ್ಲಿ ನನ್ನ ಹೆಸರೂ ಇದೆ.

ಅದು 2008ರ ಚಳಿಗಾಲ, ಬ್ಯಾಂಕುಗಳು ಮುಳುಗಿ ಎಲ್ಲೆಲ್ಲೂ ಜನರ ಕೆಲಸ ಹೋಗುತ್ತಿದ್ದ ಕಾಲ. ಜರ್ಸಿ ಸಿಟಿಯ ಬ್ಯಾಂಕೊಂದರ ಬ್ಯಾಕ್ ಆಫೀಸಿನಲ್ಲಿದ್ದ ನನ್ನನ್ನು ನವೆಂಬರಿನ ಒಂದು ಬೆಳಿಗ್ಗೆ ಹತ್ತು ನಿಮಿಷದ ಮೀಟಿಂಗಿನಲ್ಲಿ ಮುಗಿಸಿ ಮನೆಗೆ ಕಳಿಸಿದ್ದರು. ಮೆಟುಚೆನ್ ಸ್ಟೇಷನ್ನಿನ ಪಾರ್ಕಿಂಗ್ ಪರ್ಮಿಟ್ಟಿಗಾಗಿ ವರ್ಷಗಟ್ಟಲೆ ವೇಟಿಂಗ್ ಲಿಸ್ಟಿನಲ್ಲಿ ಕೊಳೆಯುತ್ತಿದ್ದವರಿಗೆಲ್ಲ ಆ ಚಳಿಗಾಲ ಸಲೀಸಾಗಿ ಜಾಗ ಸಿಕ್ಕಿತು. ಕೆಲಸ ಹೋದದ್ದನ್ನು ಹೆಂಡತಿಗೆ ಹೇಳಲಾಗದೆ ಟೈ ಕಟ್ಟಿಕೊಂಡು ದಿನಾ ಅದೇ ಟ್ರೈನ್ ಹತ್ತುವವರೂ ಇದ್ದಾರೆಂದು ಮಾತಿತ್ತು. ಯಾರ ಮನೆಗೆ ಊಟಕ್ಕೆ ಹೋದರೂ ಗಂಡಸರು ಒಂದು ಮೂಲೆ ಹಿಡಿದು, ಸಾವಿನ ಮನೆಯಲ್ಲಿ ಮಾತಾಡುವ ದನಿಯಲ್ಲಿ ಕೆಲಸದ ಜೊತೆ ವೀಸಾವೂ ಹೋಗುವ ವಿಚಾರ ಮಾತಾಡುತ್ತಿದ್ದರು.

ಆ ದಿನಗಳಲ್ಲೇ ನಮ್ಮ ರೇವತಿ ಮಿಸ್ ಮಗಳ ಮನೆಗೆ ಬಂದು ಪ್ಲೇನ್ಸ್‌ಬರೋದಲ್ಲಿದ್ದಾರೆಂದು ತಿಳಿಯಿತು. ಮೈಸೂರಿನಲ್ಲಿ ಪಿಯುಸಿ ಓದುವಾಗ ನಮಗೆ ಫ್ರೆಂಚ್ ಕಲಿಸಿದವರು ಅವರು.

ಪಿಯುಸಿಯಲ್ಲಿ ಸೆಕೆಂಡ್ ಲ್ಯಾಂಗ್ವೇಜ್ ಫ್ರೆಂಚ್ ಎಂದರೆ ಏನೆಂದು ಮೈಸೂರು, ಬೆಂಗಳೂರಿನವರಿಗೆ ಬಿಡಿಸಿ ಹೇಳಬೇಕಿಲ್ಲ. ಅದು ಭಾಷೆಯಲ್ಲ, ಸ್ಕೋರಿಂಗ್ ಸಬ್ಜೆಕ್ಟ್. ಕನ್ನಡ ತೆಗೆದುಕೊಂಡರೆ ಪರ್ಸೆಂಟೇಜ್ ಕೆಳಗಿಳಿಯುತ್ತದೆ, ಫ್ರೆಂಚ್ ತೆಗೆದುಕೊಂಡರೆ ತೊಂಬತ್ತೈದು ಗ್ಯಾರಂಟಿ ಎಂದು ಅಪ್ಪ ಅಮ್ಮಂದಿರೇ ನಿರ್ಧರಿಸಿ ಸೇರಿಸುತ್ತಿದ್ದರು. ಇಷ್ಟು ಪಾಠ, ಇಷ್ಟು ಪ್ರಶ್ನೆ, ಇಷ್ಟು ಉತ್ತರ. ಉರು ಹೊಡೆದು ಬರೆದು ಬಂದರೆ ಮುಗಿಯಿತು. ನನಗೆ ತೊಂಬತ್ತೇಳು ಬಂದಿತ್ತು. ಒಂದು ಲೋಟ ನೀರು ಕೊಡಿ ಎಂದು ಫ್ರೆಂಚಿನಲ್ಲಿ ಕೇಳಲು ಬರುತ್ತಿರಲಿಲ್ಲ. ಅದರಲ್ಲಿ ನಾಚಿಕೆ ಪಡುವಂಥದ್ದು ಏನಿದೆ ಎಂದೂ ಆಗ ಅನ್ನಿಸಿರಲಿಲ್ಲ.

ಮಿಸ್ ಮಾತ್ರ ಬೇರೆ ಥರ ಇದ್ದರು. ಪ್ರತಿ ಕ್ಲಾಸಿನ ಮೊದಲ ಹತ್ತು ನಿಮಿಷ ಫ್ರೆಂಚಿನಲ್ಲೇ ಮಾತಾಡುತ್ತಿದ್ದರು. ಹವೆ ಹೇಗಿದೆ, ಬೆಳಿಗ್ಗೆ ಏನು ತಿಂಡಿ ತಿಂದಿರಿ, ದಾರಿಯಲ್ಲಿ ಏನು ನೋಡಿದಿರಿ. ಯಾರೂ ಉತ್ತರ ಕೊಡುತ್ತಿರಲಿಲ್ಲ. ಹಿಂದಿನ ಬೆಂಚಿನಿಂದ ಪ್ರಸಾದ, "ಮಿಸ್, ಇಂಪಾರ್ಟೆಂಟ್ ಕ್ವೆಶ್ಚನ್ಸ್ ಹೇಳಿ ಮಿಸ್" ಎನ್ನುತ್ತಿದ್ದ. ಅವರು ನಿಟ್ಟುಸಿರು ಬಿಟ್ಟು ಬೋರ್ಡಿನ ಕಡೆ ತಿರುಗುತ್ತಿದ್ದರು. ಅವರೇ ಭಾಷೆ ಕಲಿತದ್ದು ಪುದುಚೇರಿಯಿಂದ ಬಂದು ಮೈಸೂರಿನಲ್ಲಿ ನೆಲೆಸಿದ್ದ ಒಬ್ಬ ಮುದುಕರಿಂದ. ಆ ಮುದುಕರು ತೀರಿಕೊಂಡ ಮೇಲೆ ಮಿಸ್ ಬಳಿ ಉಳಿದದ್ದು ಹಳೆಯ ಫ್ರೆಂಚ್ ಹಾಡುಗಳ ಒಂದು ಕ್ಯಾಸೆಟ್ಟು.

ಕೆಲಸವಿಲ್ಲದೆ ಕೂತಿದ್ದ ನಾನು ಡಿಸೆಂಬರಿನ ಒಂದು ಮಧ್ಯಾಹ್ನ ಪ್ಲೇನ್ಸ್‌ಬರೋಗೆ ಡ್ರೈವ್ ಮಾಡಿಕೊಂಡು ಹೋದೆ. ಮಿಸ್ ಸೊಂಟದ ಮೇಲೆ ಎರಡು ವರ್ಷದ ಮೊಮ್ಮಗಳನ್ನು ಹೊತ್ತುಕೊಂಡೇ ಬಾಗಿಲು ತೆಗೆದರು. ಕೂದಲು ಬೆಳ್ಳಗಾಗಿತ್ತು, ದನಿ ಹಾಗೇ ಇತ್ತು. ಮಗಳು ಅಪರ್ಣ, ಅಳಿಯ ನವೀನ್ ಇಬ್ಬರೂ ಕೆಲಸಕ್ಕೆ ಹೋಗಿದ್ದರು. ಆರ್ಥಿಕ ಪರಿಸ್ಥಿತಿ ಕೆಟ್ಟಿತೆಂದು ಡೇಕೇರ್ ಬಿಡಿಸಿ, ಅಮ್ಮನಿಗೆ ಟಿಕೆಟ್ ಕಳಿಸಿ ಕರೆಸಿಕೊಂಡಿದ್ದರು. ಬೆಳಿಗ್ಗೆ ಏಳರಿಂದ ಸಂಜೆ ಏಳರವರೆಗೆ ಮಗು, ಅಡುಗೆ, ಬಟ್ಟೆ ಮಡಿಸುವುದು. ಬಂದು ಒಂದು ತಿಂಗಳಾಗಿತ್ತು. ನೋಡಿದ್ದು ಇಂಡಿಯನ್ ಸ್ಟೋರ್, ಬ್ರಿಡ್ಜ್‌ವಾಟರಿನ ದೇವಸ್ಥಾನ ಮತ್ತು ಕಿಟಕಿಯಿಂದ ಕಾಣುವ ಪಾರ್ಕಿಂಗ್ ಲಾಟ್.

ಇದು ಆ ಒಂದು ಮನೆಯ ಕಥೆಯಲ್ಲ ಎಂದು ನನಗೆ ಗೊತ್ತು. ಪ್ಲೇನ್ಸ್‌ಬರೋದ ಒಂದೊಂದು ಅಪಾರ್ಟ್‌ಮೆಂಟ್ ಕಾಂಪ್ಲೆಕ್ಸಿನಲ್ಲೂ ಹಾಗೆ ಬಂದು ಸೇರಿದ ಅಜ್ಜಿಯರಿದ್ದರು. ಆರು ತಿಂಗಳು ಹುಡುಗನ ಅಮ್ಮ, ಆಮೇಲೆ ಆರು ತಿಂಗಳು ಹುಡುಗಿಯ ಅಮ್ಮ. ಕೊಟ್ಟಿದ್ದು ವಿಸಿಟರ್ ವೀಸಾ, ಮಾಡಿಸಿಕೊಂಡದ್ದು ಆಯಾ ಕೆಲಸ. ಅದಕ್ಕೆ "ಅಮ್ಮನಿಗೂ ಒಂದು ಚೇಂಜ್ ಆಗತ್ತೆ" ಎಂದು ಹೆಸರು.

ಮಗು ನಿದ್ದೆ ಹೋದ ಮೇಲೆ ಮಿಸ್ ಕಾಫಿ ಕೊಟ್ಟು ಎದುರು ಕೂತರು.

"ನೋಡೇ ಶೈಲಾ, ಮೂವತ್ತೊಂದು ವರ್ಷ ಪಾಠ ಮಾಡಿದೆ. ನಂಗೆ ಕಲಿಸಿದೋರನ್ನ ಬಿಟ್ರೆ ಫ್ರೆಂಚ್ ಆಡೋ ಒಬ್ಬೇ ಒಬ್ಬ ಮನುಷ್ಯನ ಜೊತೆ ಐದು ನಿಮಿಷ ಕೂತು ಮಾತಾಡಿಲ್ಲ ನಾನು. ಕಲಿಸಿದ್ದು ನಿಜವಾಗ್ಲೂ ಫ್ರೆಂಚೋ, ಇಲ್ಲಾ ನಂದೇ ಏನೋ ಒಂದೋ, ಯಾರಿಗ್ ಗೊತ್ತು? ನ್ಯೂಯಾರ್ಕಲ್ಲಿ ಫ್ರೆಂಚ್ ಹೋಟ್ಲು, ಹಾಡು, ಕುಣಿತ ಎಲ್ಲಾ ಇದೆ ಅಂತಾರೆ. ಒಂದು ಸಂಜೆ ಹೋಗಿ ಮಾತಾಡಿ ನೋಡ್ಬೇಕು. ಅವರಿಗೆ ಅರ್ಥ ಆಯ್ತು ಅಂದ್ರೆ ಸಾಕು ನಂಗೆ."

ಇಷ್ಟೇ ಅವರ ಆಸೆ. ಇಷ್ಟನ್ನು ನಡೆಸಿಕೊಡಲು ನಮಗೆ ಎಷ್ಟು ಕಷ್ಟವಾಯಿತೆಂದು ನೆನೆದರೆ ಈಗಲೂ ಮೈ ಉರಿಯುತ್ತದೆ.

ನಾನು ಪ್ರಸಾದನಿಗೆ ಫೋನ್ ಮಾಡಿದೆ. ಆ ಹಿಂದಿನ ಬೆಂಚಿನ ಪ್ರಸಾದನೇ, ಈಗ ವುಡ್‌ಬ್ರಿಡ್ಜಿನಲ್ಲಿ ದೊಡ್ಡ ಮನೆ ಕೊಂಡವನು. ಅವನು ಒಂದು ಈಮೇಲ್ ಹಾಕಿ ಹಳೆಯ ವಿದ್ಯಾರ್ಥಿಗಳನ್ನೆಲ್ಲ ಸೇರಿಸಿದ. ಜನವರಿಯ ಒಂದು ಶುಕ್ರವಾರ, ಮ್ಯಾನ್‌ಹ್ಯಾಟನ್ನಿನ ಫ್ರೆಂಚ್ ರೆಸ್ಟೋರೆಂಟಿನಲ್ಲಿ ಗುರುವಂದನೆ. ನಾವು ಹನ್ನೆರಡು ಜನ, ಜೊತೆಗೆ ಗಂಡ, ಹೆಂಡತಿ, ಮಕ್ಕಳು, ಸ್ಟ್ರೋಲರುಗಳು. ನಮ್ಮವರಿಗೆ ಎಲ್ಲಿಗೆ ಹೋಗುವುದಾದರೂ ದಂಡು ಕಟ್ಟಿಕೊಂಡೇ ಹೋಗಬೇಕು. ಆ ವರ್ಷ ನ್ಯೂಯಾರ್ಕಿನ ದೊಡ್ಡ ಹೋಟೆಲುಗಳೂ ಖಾಲಿ ಹೊಡೆಯುತ್ತಿದ್ದುದರಿಂದ ಇಪ್ಪತ್ತೈದು ಜನಕ್ಕೆ ಉದ್ದನೆಯ ಮೇಜು ಸಿಕ್ಕಿತು.

ಮಿಸ್ ಹಸಿರು ಮೈಸೂರು ಸಿಲ್ಕ್ ಉಟ್ಟು, ಮೇಲೆ ಅಳಿಯನ ಜಾಕೆಟ್ ತೊಟ್ಟು, ಕಾಲಿಗೆ ಮಗಳ ಸ್ನೋ ಬೂಟ್ಸ್ ಹಾಕಿಕೊಂಡು ಬಂದಿದ್ದರು. ಟ್ರೈನಿನಲ್ಲಿ ತುಟಿ ಅಲುಗಿಸುತ್ತ ಕೂತಿದ್ದರು. ಪರೀಕ್ಷೆಗೆ ಹೊರಟ ಮಗುವಿನ ಹಾಗಿದ್ದರು. ರೆಸ್ಟೋರೆಂಟಿನ ಬಾಗಿಲು ತೆಗೆದೊಡನೆ ಬೆಣ್ಣೆಯಲ್ಲಿ ಹುರಿದ ಈರುಳ್ಳಿಯ ವಾಸನೆ ಮುಖಕ್ಕೆ ರಾಚಿತು. ಒಳಗೆ ಹೋಗುವ ಮುಂಚೆ ಎಡಗಡೆ ಒಂದು ಸಣ್ಣ ಕಿಟಕಿ. ಅಲ್ಲಿ ಕೋಟು ಕೊಟ್ಟು ಟೋಕನ್ ತೆಗೆದುಕೊಳ್ಳಬೇಕು. ಕಿಟಕಿಯ ಹಿಂದೆ ಐವತ್ತರ ಆಸುಪಾಸಿನ ಒಬ್ಬ ಕಪ್ಪು ಹೆಂಗಸು ಕೂತಿದ್ದಳು. ಅವಳ ಮುಂದೆ ಒಂದು ಪ್ರಾರ್ಥನೆ ಪುಸ್ತಕ ತೆರೆದಿತ್ತು. ಮಿಸ್ ಜಾಕೆಟ್ ಕಳಚುತ್ತ ಆ ಪುಸ್ತಕ ನೋಡಿದರು. ತಲೆ ಓರೆ ಮಾಡಿ ಮೇಲಿನ ಸಾಲನ್ನು ಗಟ್ಟಿಯಾಗಿ ಓದಿದರು. ಫ್ರೆಂಚ್. ಆ ಹೆಂಗಸು ತಲೆ ಎತ್ತಿ, ಮುಖ ಅರಳಿಸಿ ಏನೋ ಹೇಳಿದಳು. ಮಿಸ್ ಬಾಯಿ ತೆರೆದರು.

ಹಿಂದೆ ಸಾಲು ನಿಂತಿತ್ತು. ನಾನು ಮಿಸ್ ಅವರ ತೋಳು ಹಿಡಿದು ಎಳೆದೆ. "ಬನ್ನಿ ಮಿಸ್, ನಿಜವಾದ ಫ್ರೆಂಚ್‌ನೋರು ಒಳಗಿದಾರೆ."

ಒಳಗಿದ್ದವರ ಕಥೆ ಕೇಳಿ. ಉದ್ದನೆಯ ಏಪ್ರನ್ ಕಟ್ಟಿದ್ದ ವೇಟರ್ ಬಂದ. ಮಿಸ್ ಬೆನ್ನು ನೆಟ್ಟಗೆ ಮಾಡಿ, ತಿಂಗಳಿಂದ ಕೂಡಿಟ್ಟ ವಾಕ್ಯಗಳನ್ನು ಒಂದೊಂದಾಗಿ ಹೇಳಿದರು. ಅವನು ನಕ್ಕು ಇಂಗ್ಲಿಷಿನಲ್ಲಿ, "ಸಾರಿ ಮ್ಯಾಮ್, ನಾನು ಓಹಾಯೋದವನು" ಎಂದ. ಮೇಜಿನ ಸುತ್ತ ನಗು. ಸ್ವಲ್ಪ ಹೊತ್ತಿಗೆ ಮಾಲೀಕ ಬಂದ. ಅವನು ನಿಜವಾಗಿಯೂ ಫ್ರಾನ್ಸಿನವನು. ಮಿಸ್ ಎದ್ದು ನಿಂತು ಮತ್ತೆ ಶುರು ಮಾಡಿದರು. ಅವನು ಎರಡು ವಾಕ್ಯ ಕೇಳಿಸಿಕೊಂಡ. ಮೂರನೆಯದಕ್ಕೆ ಅವನ ಕಣ್ಣು ಆಗಲೇ ಪಕ್ಕದ ಮೇಜಿನ ಮೇಲಿತ್ತು. "ಹೌ ಚಾರ್ಮಿಂಗ್!" ಎಂದು ಅವರ ಭುಜ ತಟ್ಟಿ ಇಂಗ್ಲಿಷಿನಲ್ಲೇ ಶುಭ ಕೋರಿ ಹೊರಟುಹೋದ. ಅವರು ಏನು ಕೇಳಿದ್ದರೆಂದು ಅವನಿಗೆ ಬೇಕಾಗಿರಲಿಲ್ಲ.

ಪ್ರಸಾದ ವೈನ್ ಗ್ಲಾಸ್ ಎತ್ತಿಕೊಂಡು, "ಮಿಸ್, ನಮಗೆಲ್ಲ ತೊಂಬತ್ತೈದು ತೊಂಬತ್ತೈದು ಹಾಕಿ ಪಾಸ್ ಮಾಡಿಸಿದ್ರಲ್ಲಾ, ಇದೇ ಫ್ರೆಂಚಾ?" ಎಂದ. ಎಲ್ಲರೂ ಹೊಟ್ಟೆ ಹಿಡಿದುಕೊಂಡು ನಕ್ಕರು. ಮಿಸ್ಸೂ ನಕ್ಕರು. ನಾನೂ ನಕ್ಕೆ.

ಆಮೇಲೆ ಮಾತು ಲೇಆಫ್, ಗ್ರೀನ್ ಕಾರ್ಡ್, ಮನೆಗಳ ಬೆಲೆಯ ಕಡೆ ಹೊರಳಿತು. ಈರುಳ್ಳಿ ಸೂಪಿನಲ್ಲಿ ದನದ ಮೂಳೆಯ ಸಾರಿದೆ ಎಂದು ಗೊತ್ತಾಗಿ ಅರ್ಧ ಮೇಜು ಅದನ್ನು ವಾಪಸು ಕಳಿಸಿ ಆಲೂಗಡ್ಡೆ ತರಿಸಿಕೊಂಡಿತು. ಮೂಲೆಯಲ್ಲಿ ಒಬ್ಬ ಅಕಾರ್ಡಿಯನ್ ನುಡಿಸುತ್ತಿದ್ದ, ಕಪ್ಪು ಗೌನಿನ ಒಬ್ಬಳು ಹಳೆಯ ಹಾಡುಗಳನ್ನು ಹಾಡುತ್ತಿದ್ದಳು. ಗುರುವಂದನೆಯ ಗುರುವನ್ನು ಯಾರೂ ನೋಡುತ್ತಿರಲಿಲ್ಲ. ಮಿಸ್ ಕುರ್ಚಿ ತಿರುಗಿಸಿಕೊಂಡು, ಗಲ್ಲಕ್ಕೆ ಕೈ ಕೊಟ್ಟು ಕೂತು, ಹಾಡಿನ ಪ್ರತಿ ಪದಕ್ಕೂ ತುಟಿ ಅಲುಗಿಸುತ್ತಿದ್ದರು. ಅದು ಕ್ಯಾಸೆಟ್ಟಿನ ಹಾಡಂತೆ. ಆ ಅರ್ಧ ಗಂಟೆ ಅವರ ಮುಖದಲ್ಲಿದ್ದ ಸಂತೋಷ ನೋಡಬೇಕಿತ್ತು. ಅಷ್ಟರಲ್ಲಿ ಹಿಮ ಬೀಳಲು ಶುರುವಾಯಿತೆಂದು, ಮಕ್ಕಳಿಗೆ ನಿದ್ದೆ ಬಂತೆಂದು ಎಲ್ಲರೂ ಎದ್ದರು. ಹಾಡಿನ ನಡುವೆಯೇ ಗ್ರೂಪ್ ಫೋಟೋ ತೆಗೆದು, ಶಾಲು ಹೊದಿಸಿ ಮುಗಿಸಿದರು.

ಟ್ರೈನಿನಲ್ಲಿ ಮಿಸ್ ಕಿಟಕಿಯ ಕಡೆ ಮುಖ ಮಾಡಿ ಕೂತಿದ್ದರು. ನ್ಯೂವಾರ್ಕ್ ದಾಟಿದ ಮೇಲೆ, "ನಂದು ಫ್ರೆಂಚ್ ಅಲ್ವೇನೋ ಶೈಲಾ" ಎಂದರು. "ಇಷ್ಟು ವರ್ಷ ಅಷ್ಟು ಮಕ್ಕಳಿಗೆ ಏನು ಕಲಿಸಿದ್ನೋ ಏನೋ."

ನನಗೆ ಆ ರಾತ್ರಿ ನಿದ್ದೆ ಬರಲಿಲ್ಲ. ಭುಜ ತಟ್ಟಿ ಹೋದ ಮಾಲೀಕನ ಮೇಲೆ ಸಿಟ್ಟು, ಪ್ರಸಾದನ ಮೇಲೆ ಸಿಟ್ಟು. ಮರುದಿನವೇ ಅಪರ್ಣನಿಗೆ ಫೋನ್ ಮಾಡಿ, ಅಮ್ಮನನ್ನು ಇನ್ನೊಂದು ಸಂಜೆ ನನ್ನ ಜೊತೆ ಕಳಿಸು ಎಂದೆ. ನಮ್ಮಿಬ್ಬರಿಗೆ ಮೈಸೂರಿನಿಂದಲೇ ಪರಿಚಯ. ಅವಳು, "ಶೈಲಾ, ಅಮ್ಮಂಗೆ ಈ ಕೋಲ್ಡ್ ತಡ್ಯಲ್ಲ ಕಣೆ" ಎಂದಳು. ಅಮ್ಮನಿಗೆ ಚಳಿ ತಡೆಯುವುದಿಲ್ಲವಂತೆ. ಬೆಳಿಗ್ಗೆ ಕಸದ ಚೀಲ ಹೊತ್ತು ಹಿಮದಲ್ಲಿ ಡಂಪ್‌ಸ್ಟರಿಗೆ ಹೋಗುವಾಗ ತಡೆಯುತ್ತಿತ್ತು. ಮುಂದಿನ ವಾರ ಕೇಳಿದರೆ ಆಫೀಸಿನಲ್ಲಿ ಸಾಫ್ಟ್‌ವೇರ್ ರಿಲೀಸ್ ಇದೆ, ಅದರ ಮುಂದಿನ ವಾರ ನವೀನ್ ಊರಲ್ಲಿಲ್ಲ. ಅವಳ ಕಷ್ಟ ಸುಳ್ಳಲ್ಲ. ಅವಳ ಟೀಮಿನಲ್ಲಿ ಅರ್ಧ ಜನ ಹೋಗಿ, ಇಬ್ಬರ ಕೆಲಸ ಒಬ್ಬಳೇ ಮಾಡುತ್ತಿದ್ದಳು. ಆದರೆ ಆ ವರ್ಷ ಎಲ್ಲರ ಹೆದರಿಕೆಗೂ ಒಂದು ಬೆಲೆಯಿತ್ತು, ಮಿಸ್ ಆಸೆಗೆ ಮಾತ್ರ ಇರಲಿಲ್ಲ. ಅದನ್ನು ನಾನು ಬಾಯಿಬಿಟ್ಟು ಹೇಳಿಯೂಬಿಟ್ಟೆ. ಅವಳು ಫೋನಿಟ್ಟಳು.

ಕೊನೆಗೆ ದಾರಿ ತೋರಿಸಿದವನು ಮಹೇಶ. ಅವನು ಧಾರವಾಡದವನು, ಮಾತು ನೇರ. ಅಪರ್ಣನಿಗೆ ಅವನೇ ಫೋನ್ ಮಾಡಿ, "ಗುರುವಾರ ನಾ ಮನಿಯಿಂದ ಕೆಲಸಾ ಮಾಡ್ತೇನ್ರಿ. ಸಂಜಿಗೆ ನಿಮ್ಮ ಮನಿಗೆ ಬಂದು ಕೂಸಿನ್ನ ನೋಡ್ಕೋತೇನಿ. ಇವ್ರಿಬ್ರೂ ಹೋಗಿ ಬರಲಿ" ಎಂದ. ಅವಳಿಗೆ ನೆವ ಸಿಗಲಿಲ್ಲ.

ಫೆಬ್ರವರಿಯ ಆ ಗುರುವಾರ ಹಾಡುವವಳ ಮುಂದಿನ ಮೇಜನ್ನೇ ಹೇಳಿಟ್ಟಿದ್ದೆ. ಬಾಗಿಲು ದಾಟಿ ಕೋಟಿನ ಕಿಟಕಿಯ ಹತ್ತಿರ ಬಂದಾಗ ಮಿಸ್ ನಿಂತುಬಿಟ್ಟರು.

"ನೀನು ಒಳಗೆ ಹೋಗಿ ಊಟ ಮಾಡು. ನಾನು ಇಲ್ಲೇ ಇರ್ತೀನಿ."

"ಮಿಸ್, ಟೇಬಲ್ ಇಟ್ಟಿದಾರೆ…"

"ನಾನು ಬಂದಿದ್ದು ಇವಳನ್ನ ನೋಡೋಕೆ ಶೈಲಾ. ಅವತ್ತು ಇಡೀ ಹೋಟ್ಲಲ್ಲಿ ನನಗೆ ಫ್ರೆಂಚಲ್ಲಿ ಉತ್ತರ ಕೊಟ್ಟೋಳು ಇವಳೊಬ್ಬಳೇ. ನೀನು ಎಳ್ಕೊಂಡ್ ಹೋದೆ."

ಕಿಟಕಿಯ ಹಿಂದಿನ ಹೆಂಗಸು ಆಗಲೇ ಗುರುತು ಹಿಡಿದಿದ್ದಳು. ಹೆಸರು ರೋಸ್ಲಿನ್. ಹೈಟಿ ದ್ವೀಪದವಳು. ಅಲ್ಲಿ ಮನೆಯಲ್ಲಿ ಆಡುವುದು ಬೇರೆ ನುಡಿ, ಶಾಲೆಯಲ್ಲಿ ನನ್‌ಗಳು ಕಲಿಸುವುದು ಫ್ರೆಂಚ್. ಇದನ್ನೆಲ್ಲ ಮಿಸ್ ನನಗೆ ಆಮೇಲೆ ಹೇಳಿದ್ದು. ಆಗ ನನಗೆ ಒಂದಕ್ಷರ ತಿಳಿಯಲಿಲ್ಲ. ಚಳಿಗಾಲದ ಗುರುವಾರ, ಗಿರಾಕಿ ಕಮ್ಮಿ. ಮಿಸ್ ಒಂದು ಸ್ಟೂಲ್ ಎಳೆದುಕೊಂಡು ಕಿಟಕಿಗೆ ಮೊಣಕೈ ಊರಿ ಕೂತರು. ಯಾರಾದರೂ ಬಂದರೆ ಜಾಗ ಬಿಟ್ಟು, ಆಮೇಲೆ ಮತ್ತೆ ಅಲ್ಲೇ. ಪರದೆಯ ಆಚೆಯಿಂದ ಅಕಾರ್ಡಿಯನ್ ಕೇಳುತ್ತಿತ್ತು, ಇಬ್ಬರೂ ಅದರ ಜೊತೆ ಗುನುಗುತ್ತಿದ್ದರು. ಒಂದು ಕಡೆ ಮಿಸ್ ಏನೋ ಹೇಳಿದ್ದಕ್ಕೆ ರೋಸ್ಲಿನ್ ಜೋರಾಗಿ ನಕ್ಕು, ಬೆರಳಾಡಿಸಿ, ಅದೇ ಮಾತನ್ನು ಬೇರೆ ಥರ ಹೇಳಿ ತೋರಿಸಿದಳು. ಇಲ್ಲೂ ನಗುವೇ ಆಯಿತಲ್ಲ ಎಂದುಕೊಂಡೆ. ಆದರೆ ಮಿಸ್ ನನ್ನ ಕಡೆ ತಿರುಗಿದಾಗ ಅವರ ಕಣ್ಣು ಹೊಳೆಯುತ್ತಿತ್ತು.

"ತಿದ್ದಿದಳು ಕಣೇ! ನನ್ನ ತಪ್ಪು ತಿದ್ದಿದಳು! ತಿದ್ದಬೇಕಾದ್ರೆ ಮೊದಲು ಅರ್ಥ ಆಗಿರ್ಬೇಕಲ್ಲ?"

ಎಂಟು ಗಂಟೆಗೆ ರೋಸ್ಲಿನ್ ಕೆಲಸ ಮುಗಿಯಿತು. ಅವಳ ಮನೆ ಎಲಿಜಬೆತ್ ಎಂಬ ಊರಿನಲ್ಲಿ, ನಮ್ಮದೇ ಟ್ರೈನ್ ಲೈನು. ಮೂವರೂ ಒಟ್ಟಿಗೆ ಹೊರಟೆವು. ಅವರಿಬ್ಬರೂ ಅಕ್ಕಪಕ್ಕ, ನಾನು ಎದುರು ಸೀಟಿನಲ್ಲಿ ಮೂಗಿಯಂತೆ. ಇಳಿಯುವಾಗ ರೋಸ್ಲಿನ್ ಮಿಸ್ ಕೈ ಹಿಡಿದು ಏನೋ ಒತ್ತಾಯ ಮಾಡಿದಳು. ಲೆಂಟ್ ಉಪವಾಸ ಶುರುವಾಗುವ ಮುಂಚಿನ ಶನಿವಾರ ಅವರ ಚರ್ಚಿನ ಹಾಲಿನಲ್ಲಿ ಕಾರ್ನಿವಲ್ ಕುಣಿತವಂತೆ. ಹಾಡು, ಊಟ, ಎಲ್ಲ ಇರುತ್ತದಂತೆ. ಮದಾಮ್ ಬರಲೇಬೇಕಂತೆ.

ಆ ಶನಿವಾರ ನವೀನ್ ಮನೆಗೆ ಹತ್ತು ಸಂಸಾರಗಳನ್ನು ಊಟಕ್ಕೆ ಕರೆದಿದ್ದ. "ಅತ್ತೆ ಕೈ ಬಿಸಿಬೇಳೆಬಾತ್" ಎಂದು ಈಮೇಲಿನಲ್ಲಿ ಬರೆದೇ ಕರೆದಿದ್ದ. ನಾನು ಐದು ಗಂಟೆಗೆ ಮಿಸ್ ಅವರನ್ನು ಕರೆದೊಯ್ಯಲು ಹೋದಾಗ ಮನೆಯಲ್ಲಿ ತುಪ್ಪ, ಮರಾಠಿ ಮೊಗ್ಗು, ಮೆಂತ್ಯದ ಘಮ ತುಂಬಿತ್ತು. ಮಿಸ್ ಸೀರೆ ಉಟ್ಟು ಸಿದ್ಧವಾಗಿದ್ದರು. ಗಂಡ ಹೆಂಡತಿ ಇಬ್ಬರೂ ಬಾಗಿಲಿಗೆ ಅಡ್ಡ ನಿಂತಿದ್ದರು.

"ಅತ್ತೆ, ಎಲಿಜಬೆತ್ ಆ ಕಡೆ ಎಲ್ಲಾ ಸೇಫ್ ಅಲ್ಲ" ಎಂದ ನವೀನ್. "ಅಲ್ದೆ ಅದು ಫ್ರೆಂಚ್ ಕಲ್ಚರ್ ಅಲ್ಲ ಅತ್ತೆ. ಅವ್ರು ಹೈಟಿಯೋರು. ಬೇಕಿದ್ರೆ ಸಮ್ಮರಲ್ಲಿ ನಾನೇ ನಿಮ್ಮನ್ನ ಒಳ್ಳೆ ಫ್ರೆಂಚ್ ರೆಸ್ಟೋರೆಂಟ್‌ಗೆ ಕರ್ಕೊಂಡ್ ಹೋಗ್ತೀನಿ."

ನಾನು ಜಗಳಕ್ಕೆ ಬಾಯಿ ತೆರೆದೆ. ನಿಜವಾದ ಫ್ರೆಂಚ್‌ನೋರು ಒಳಗಿದಾರೆ ಎಂದು ಅವತ್ತು ತೋಳು ಹಿಡಿದು ಎಳೆದವಳು ನಾನೇ. ಅವನು ಹೇಳುತ್ತಿದ್ದುದು ನನ್ನದೇ ಮಾತು. ನನಗೆ ನನ್ನ ಮೇಲೆ ಹೇಸಿಗೆಯಾಯಿತು.

ಮಿಸ್ ಹೇಳಿದರು, "ಸಮ್ಮರ್‌ಗೆ ನಾನೆಲ್ಲಿರ್ತೀನಪ್ಪಾ? ಮೇ ತಿಂಗಳಿಗೆ ಆರು ತಿಂಗಳು ಮುಗಿಯತ್ತೆ."

"ಎಕ್ಸ್‌ಟೆನ್ಷನ್ ಹಾಕಿದೀವಲ್ಲ ಅಮ್ಮಾ" ಎಂದಳು ಅಪರ್ಣ.

"ಯಾರನ್ನ ಕೇಳಿ ಹಾಕಿದೆ?"

"ಸೈನ್ ಮಾಡಿದ್ಯಲ್ಲಾ, ಹೋದ ವಾರ."

"ಇನ್ಶೂರೆನ್ಸ್ ಅಂದಿದ್ದೆ ನೀನು."

ಅಪರ್ಣ ನೆಲ ನೋಡಿದಳು. ಮಗು, "ಅಜ್ಜಿ, ಡೋಂಟ್ ಗೋ" ಎಂದು ಸೀರೆಯ ನೆರಿಗೆ ಹಿಡಿಯಿತು. ಮಿಸ್ ಅದನ್ನು ಎತ್ತಿ ಮುದ್ದಿಸಿ ಅಪರ್ಣನ ಕೈಗೆ ಕೊಟ್ಟರು. ನಮಗೆ ಪಾಠ ಮಾಡಿದ ಅಷ್ಟೂ ದಿನಗಳಲ್ಲಿ ಒಮ್ಮೆಯೂ ದನಿ ಏರಿಸದ ಅವರು ಆಗಲೂ ಏರಿಸಲಿಲ್ಲ.

"ನನ್ನ ಪಾಸ್‌ಪೋರ್ಟಲ್ಲಿ ವಿಸಿಟರ್ ಅಂತ ಬರೆದಿದಾರೆ ಅಪರ್ಣ. ಬಂದಾಗಿಂದ ಏನು ವಿಸಿಟ್ ಮಾಡಿದೀನಿ ಹೇಳು? ನಿನ್ನ ಮಗು ಅಂದ್ರೆ ನಂಗೆ ಪ್ರಾಣ. ಆದ್ರೆ ಸುಳ್ಳು ಹೇಳಿ ಸೈನ್ ಹಾಕಿಸ್ಕೋಬಾರ್ದಿತ್ತು ನೀನು. ಬಿಸಿಬೇಳೆಬಾತ್ ಕುಕ್ಕರಲ್ಲಿದೆ. ಬಡಿಸೋವಾಗ ತುಪ್ಪ ಬಿಸಿ ಮಾಡ್ಕೊಳ್ಳಿ."

ನವೀನ್ ಬಾಗಿಲು ಬಿಟ್ಟು ಸರಿದ. ಆ ಎಕ್ಸ್‌ಟೆನ್ಷನ್ ಏನಾಯಿತೆಂದು ಮಿಸ್ ಕೇಳಲೂ ಇಲ್ಲ, ಮೇ ತಿಂಗಳಲ್ಲಿ ಟಿಕೆಟ್ಟಿನ ದಿನಕ್ಕೇ ಮೈಸೂರಿಗೆ ಹೊರಟರು.

ಎಲಿಜಬೆತ್‌ನ ಆ ಚರ್ಚ್ ಹಾಲು ನೆಲಮಾಳಿಗೆಯಲ್ಲಿತ್ತು. ಬಣ್ಣದ ಕಾಗದದ ಮಾಲೆ, ಮಡಚುವ ಕುರ್ಚಿಗಳು, ಗೋಡೆಗುಂಟ ಉದ್ದ ಮೇಜಿನ ಮೇಲೆ ಕಾಳು ಬೆರೆಸಿದ ಅನ್ನ, ಜಜ್ಜಿ ಕರಿದ ಬಾಳೆಕಾಯಿ. ಡ್ರಮ್ಮು, ಸ್ಯಾಕ್ಸೊಫೋನು, ಒಬ್ಬ ಮುದುಕನ ಅಕಾರ್ಡಿಯನ್ನು. ಅಲ್ಲಿದ್ದವರಲ್ಲೂ ಎಷ್ಟೋ ಜನಕ್ಕೆ ಆ ಚಳಿಗಾಲ ಕೆಲಸ ಹೋಗಿತ್ತು. ಆದರೂ ಯಾರೂ ಮೂಲೆಯಲ್ಲಿ ನಿಂತು ಪಿಸುಗುಟ್ಟುತ್ತಿರಲಿಲ್ಲ. ಟೋಪಿ ತೊಟ್ಟ ಅಜ್ಜಿಯರಿಂದ ಹಿಡಿದು ಎಲ್ಲರೂ ಕುಣಿಯುತ್ತಿದ್ದರು. ರೋಸ್ಲಿನ್ ಹಳದಿ ಗೌನಿನಲ್ಲಿ ಬಂದು ಮಿಸ್ ಅವರನ್ನು ಒಬ್ಬೊಬ್ಬರಿಗೂ ಪರಿಚಯ ಮಾಡಿಸಿದಳು. ಐದು ನಿಮಿಷದಲ್ಲಿ ಅವರ ಸುತ್ತ ಗುಂಪು ಕಟ್ಟಿತು. ಮೈಸೂರು ಎಲ್ಲಿದೆ, ಸೀರೆ ಎಷ್ಟು ಉದ್ದ, ಅಲ್ಲಿ ಫ್ರೆಂಚ್ ಯಾಕೆ ಕಲಿಯುತ್ತಾರೆ ಎಂದು ಪ್ರಶ್ನೆಯ ಮೇಲೆ ಪ್ರಶ್ನೆ. ಮಿಸ್ ಉತ್ತರ ಕೊಡುತ್ತಿದ್ದರು. ಹತ್ತು ನಿಮಿಷವಲ್ಲ, ಮೂರು ಗಂಟೆ.

ಬ್ಯಾಂಡಿನವರು ಹಳೆಯ ಫ್ರೆಂಚ್ ಹಾಡೊಂದನ್ನು ಎತ್ತಿಕೊಂಡಾಗ ಮಿಸ್ ಜೊತೆಗೆ ಹಾಡಿದರು. ಎರಡನೆಯ ಚರಣ ಅಲ್ಲಿಯವರಿಗೇ ಮರೆತಿತ್ತು, ಇವರಿಗೆ ಬರುತ್ತಿತ್ತು. ರೋಸ್ಲಿನ್‌ಳ ಚಿಕ್ಕಪ್ಪ, ಎಪ್ಪತ್ತು ದಾಟಿದವರು, ಎದುರು ಬಂದು ಬಾಗಿ ಕುಣಿತಕ್ಕೆ ಕರೆದರು. ಮಿಸ್ ಕೈ ಜೋಡಿಸಿ ಒಂದು ವಾಕ್ಯ ಹೇಳಿದರು. ಅದನ್ನು ಮಾತ್ರ ನಾನು ಗುರುತು ಹಿಡಿದೆ, ಆಹ್ವಾನವನ್ನು ಸಂತೋಷದಿಂದ ಒಪ್ಪಿಕೊಳ್ಳುವ ವಾಕ್ಯ. ಪರೀಕ್ಷೆಯಲ್ಲಿ ಎರಡು ಅಂಕಕ್ಕೆ ಬರುತ್ತಿತ್ತು. ಆಮೇಲೆ ಅವರು ಗೋಡೆಯ ಬದಿಗೆ ಹೋಗಿ ಮಗಳ ಸ್ನೋ ಬೂಟ್ಸ್ ಕಳಚಿಟ್ಟು, ಉಣ್ಣೆಯ ಕಾಲುಚೀಲದಲ್ಲೇ, ಸೆರಗು ಸಿಕ್ಕಿಸಿಕೊಂಡು ಕುಣಿದರು. ನಾನು ತಟ್ಟೆ ಹಿಡಿದು ಕೂತು ನೋಡುತ್ತಿದ್ದೆ. ಮಿಸ್ ಕುಣಿಯುತ್ತ ನಮ್ಮ ಹತ್ತಿರಕ್ಕೆ ಬಂದಾಗ ಪಕ್ಕದಲ್ಲಿ ಕೂತ ಕೆಂಪು ಬಟ್ಟೆಯ ಹೆಂಗಸು ಬಾಗಿ ಏನೋ ಕೇಳಿದಳು, ಮತ್ತೆ ಮತ್ತೆ ಕೇಳಿದಳು. ನಾನು ನಕ್ಕು, "ವೆರಿ ನೈಸ್ ಪಾರ್ಟಿ" ಎಂದೆ.

ವಾಪಸು ಬರುವಾಗ ರೂಟ್ ಒನ್ ಹೆದ್ದಾರಿ ಖಾಲಿ ಇತ್ತು. ಕಾರಿನಲ್ಲಿ ಹೀಟರಿನ ಸದ್ದೊಂದೇ. ನನಗೆ ಖುಷಿಯೋ ಖುಷಿ. "ಮಿಸ್, ಈಗ ಗೊತ್ತಾಯ್ತಲ್ಲಾ? ನಿಮ್ಮದು ಅಪ್ಪಟ ಫ್ರೆಂಚು" ಎಂದೆ. ಪ್ಲೇನ್ಸ್‌ಬರೋ ಹತ್ತಿರ ಬಂದಾಗ ಅವರ ಮುಖ ನೋಡಿದೆ. ಅದು ಸಿಟ್ಟಿನ ಮುಖ.

"ನಂದು ಸರಿ ಶೈಲಾ. ನಿಂದು?"

ನಾನು ಕಾರನ್ನು ಅಪರ್ಣನ ಬಿಲ್ಡಿಂಗ್ ಮುಂದೆ ನಿಲ್ಲಿಸಿದೆ.

"ಆ ಕೆಂಪು ಬಟ್ಟೆಯೋಳು ನಿನ್ನನ್ನ ಏನು ಕೇಳಿದಳು ಗೊತ್ತಾ? ನಿನ್ನ ಹೆಸರೇನಮ್ಮ ಅಂತ. ಮೂರು ಸಲ ಕೇಳಿದಳು. ಮೂರು ಸಲವೂ ನೀನು ಹಲ್ಲು ಕಿರಿದೆ. ಅದು ಒಂದನೇ ಪಾಠ ಕಣೇ! ನಾನು ಕಲಿಸಿದ್ದು ಫ್ರೆಂಚೇ ಅಲ್ಲ ಅನ್ನೋದಾಗಿದ್ರೆ ನಿನ್ನನ್ನ ಕ್ಷಮಿಸಿಬಿಡ್ತಿದ್ದೆ. ಈಗ ಹೇಗೆ ಕ್ಷಮಿಸಲಿ? ನಿಮಗೆಲ್ಲ ಅಷ್ಟಷ್ಟು ಮಾರ್ಕ್ಸ್ ಹಾಕ್ದೋಳು ನಾನೇ ಅಲ್ವಾ, ನನ್ನನ್ನ ತಾನೇ ಹೇಗೆ ಕ್ಷಮಿಸಿಕೊಳ್ಳಲಿ?"

ನಾನು ಇಂಜಿನ್ ಆರಿಸಿದೆ. ಮೇಲಿನ ಕಿಟಕಿಯಲ್ಲಿ ದೀಪ ಉರಿಯುತ್ತಿತ್ತು, ಅತಿಥಿಗಳ ಕಾರುಗಳೆಲ್ಲ ಹೋಗಿದ್ದವು. ಮಿಸ್ ಸೀಟ್ ಬೆಲ್ಟ್ ಬಿಚ್ಚಲಿಲ್ಲ.

"ಹೇಳು. ನಿನ್ನ ಹೆಸರೇನು?" ಎಂದು ಫ್ರೆಂಚಿನಲ್ಲಿ ಕೇಳಿದರು.

ಮೂವತ್ತನಾಲ್ಕು ವರ್ಷದ ನಾನು, ಕೆಲಸ ಕಳೆದುಕೊಂಡವಳು, ಆ ಪಾರ್ಕಿಂಗ್ ಲಾಟಿನಲ್ಲಿ ತೊದಲುತ್ತ ನನ್ನ ಹೆಸರು ಶೈಲಜಾ ಎಂದು ಹೇಳಿದೆ. ಅವರು ತಲೆ ಅಡ್ಡ ಆಡಿಸಿ, ಹೇಗೆ ಹೇಳಬೇಕೆಂದು ಹೇಳಿ ತೋರಿಸಿದರು. ನಾನು ಮತ್ತೆ ಹೇಳಿದೆ. ಮತ್ತೆ ತಿದ್ದಿದರು. ನನ್ನ ಫೋನ್ ರಿಂಗಾಗತೊಡಗಿತು, ಅಪರ್ಣನ ಹೆಸರು ಬಂತು. ನಾನು ಅದರ ಕಡೆ ಕೈ ಚಾಚಿದೆ.

"ಹೊಡ್ಕೊಳ್ಳಲಿ ಬಿಡು" ಎಂದರು ಮಿಸ್. "ಇನ್ನೊಂದ್ಸಲ ಹೇಳು."